ನೆಲ ಕ್ಲೀನಾಗಿದೆ, ಮೂರು ಸ್ಟಾರ್

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ನಮ್ಮತ್ತೆಗೆ ಅರ್ಥ ಮಾಡಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ.

“ಜನ ಒಂದು ಸಾಮಾನು ತಗೊಂಡು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಫೋನಲ್ಲಿ ಬರೀತಾರಲ್ಲತ್ತೆ, ಅದನ್ನ ಓದಿ, ಅವ್ರು ಐದಕ್ಕೆ ಎಷ್ಟು ಸ್ಟಾರ್ ಕೊಟ್ಟಿರ್ಬೋದು ಅಂತ ನಾನು ಹೇಳ್ಬೇಕು.”

ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಅವ್ರೇ ಕೊಟ್ಟಿರ್ತಾರಲ್ಲ, ನೀನ್ಯಾಕೆ ಹೇಳ್ಬೇಕು?”

“ಅವ್ರು ಕೊಟ್ಟಿದ್ದನ್ನ ಮುಚ್ಚಿಟ್ಟು ನಮಗೆ ಬರೀ ಮಾತು ತೋರಿಸ್ತಾರೆ.”

“ಮುಚ್ಚಳ ತೆಗೆದು ನೋಡಿದ್ರೆ ಆಯ್ತಪ್ಪ. ಅದಕ್ಯಾಕೆ ಅಷ್ಟು ಜನಕ್ಕೆ ಸಂಬಳ ಕೊಡ್ತಾರೆ?”

ಅತ್ತೆಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಸರಿಯಾಗಿ ಹೇಳಲಿಲ್ಲ. ಆ್ಯಪಿನಲ್ಲಿ ಬಹಳ ಜನ ಮಾತು ಬರೆದು ಸುಮ್ಮನಾಗುತ್ತಾರೆ, ಸ್ಟಾರ್ ಒತ್ತುವುದೇ ಇಲ್ಲ. ಅಂಥ ಕಡೆ ಮಾತನ್ನು ನೋಡಿ ಸ್ಟಾರ್ ಎಷ್ಟಿರಬಹುದೆಂದು ಕಂಪ್ಯೂಟರ್ ಊಹಿಸಬೇಕು. ಹಾಗೆ ಊಹಿಸಿದ ಸ್ಟಾರ್ ಲೆಕ್ಕದಲ್ಲೇ ಯಾವ ಅಂಗಡಿ, ಯಾವ ಹೋಟೆಲು ನಿಮ್ಮ ಫೋನಿನಲ್ಲಿ ಮೇಲೆ ಬರಬೇಕು, ಯಾವುದು ಕೆಳಗೆ ಬೀಳಬೇಕು ಎಂಬ ತೀರ್ಮಾನ ಆಗುವುದು. ಕಂಪ್ಯೂಟರಿಗೆ ಆ ಊಹೆಯನ್ನು ಕಲಿಸುವವರು ನಾವು. ಮುಚ್ಚಳ ಮುಚ್ಚಿ ನಾವು ಊಹಿಸಬೇಕು, ತೆಗೆದು ಸರಿನೋಡಬೇಕು, ಯಾವ ಮಾತಿನಿಂದ ಗೊತ್ತಾಯಿತು ಎಂದು ಗುರುತು ಹಾಕಬೇಕು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಎಂದು ರೇಖಾ ಕೇಳಿದಳು. ಅವರಿಗೆ ತರಬೇತಿ ಕೊಡುವವಳು ಈಗ ಅವಳೇ. “ಬರೀ ಒಳ್ಳೇದೇ ಬರೀಬೇಡಿ ಅಕ್ಕಾ” ಎಂದೂ ಹೇಳಿದಳು. ಅದನ್ನು ಯಾಕೆ ಹೇಳಿದಳು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ನಗುವ ವಿಷಯಗಳನ್ನು ಹೇಳಿಬಿಡುತ್ತೇನೆ, ಆಮೇಲೆ ನಗಲಿಕ್ಕೆ ಆಗುವುದಿಲ್ಲ.

ಮೊದಲು ನಾನು ನೆಲಮಂಗಲದ ತಾಲ್ಲೂಕು ಕಚೇರಿ ಎದುರಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದೆ. ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲವೂ ಅಲ್ಲೇ. ತುಮಕೂರು ರಸ್ತೆಯಲ್ಲಿ ಗೋದಾಮೊಂದರ ಮಹಡಿಯ ಮೇಲೆ ಈ ಕಂಪನಿಯವರು ಆಫೀಸು ತೆರೆದಾಗ, ಕನ್ನಡ ಚೆನ್ನಾಗಿ ಓದಬಲ್ಲವರು ಬೇಕು ಎಂದು ಅಂಗಡಿಗೇ ಬಂದು ಕೇಳಿದರು. ನಮ್ಮ ಮೇಲಿನವರು ವಿನಯ್ ಅಂತ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಜನ ಯಾಕೆ ಹೀಗೆ ಬರೆಯುತ್ತಾರೆ ಎಂಬುದು ಬೇಕಿರಲಿಲ್ಲ. “ಮೇಡಂ, ನಮ್ಮ ಊಹೆಗೂ ಅವರು ಕೊಟ್ಟ ಸ್ಟಾರಿಗೂ ಹೊಂದಿಕೆ ಆಗ್ಬೇಕು, ಅಷ್ಟೆ. ಯಾಕೆ, ಏನು ಅಂತ ಹೋದ್ರೆ ದಿನಾ ಮುಗಿಯಲ್ಲ” ಎನ್ನುತ್ತಿದ್ದರು.

ಆರಂಭದಲ್ಲಿ ವಿಧಾನ ಬಹಳ ಸರಳವಾಗಿತ್ತು. ಒಳ್ಳೆಯ ಪದಗಳದ್ದು ಒಂದು ಗುಂಪು, ಕೆಟ್ಟ ಪದಗಳದ್ದು ಒಂದು ಗುಂಪು. ‘ಸೂಪರ್’ ಬಂದರೆ ಮೇಲೆ, ‘ದಂಡ’ ಬಂದರೆ ಕೆಳಗೆ. ನಮ್ಮ ಜನರ ಮುಂದೆ ಈ ಆಟ ನಡೆಯುತ್ತದೆಯೇ? “ಪುಣ್ಯಾತ್ಮರು ಕಳಿಸಿದ ಸೀರೆ ಒಂದೇ ಒಗೆತಕ್ಕೆ ಮೊಮ್ಮಗಳ ಲಂಗದಷ್ಟಾಯಿತು, ಅವಳಿಗೆ ಬಹಳ ಸಂತೋಷ” ಎಂದು ಒಬ್ಬರು ಬರೆದಿದ್ದರು. ಪುಣ್ಯಾತ್ಮ, ಸಂತೋಷ ಎರಡೂ ಇವೆಯೆಂದು ಕಂಪ್ಯೂಟರ್ ಐದು ಸ್ಟಾರ್ ಕೊಟ್ಟು ಕೂತಿತ್ತು. ಇನ್ನೊಬ್ಬಾಕೆ ಮಿಕ್ಸಿಯ ಬಗ್ಗೆ, “ನಾವು ಚಟ್ನಿ ಮಾಡುತ್ತಿರುವುದು ಈಗ ಇಡೀ ಬೀದಿಗೆ ಗೊತ್ತಾಗುತ್ತದೆ” ಎಂದು ಬರೆದಿದ್ದಳು. ಅದರಲ್ಲಿ ಒಳ್ಳೆಯ ಪದವೂ ಇಲ್ಲ, ಕೆಟ್ಟದ್ದೂ ಇಲ್ಲವೆಂದು ಕಂಪ್ಯೂಟರ್ ನಡುವಿನಲ್ಲಿ ನಿಂತುಬಿಟ್ಟಿತು. ನಾವು ನಕ್ಕಿದ್ದೇ ನಕ್ಕಿದ್ದು.

ನಗೆಪಾಟಲಾಗುವ ಸರದಿ ನನಗೂ ಬಂತು. ಒಬ್ಬ ಮಹಾಶಯ ಕುಕ್ಕರ್ ತರಿಸಿಕೊಂಡು, ಅದನ್ನು ತಂದುಕೊಟ್ಟವನನ್ನು ಹಿಗ್ಗಾಮುಗ್ಗಾ ಬೈದಿದ್ದ. ಊಟದ ಹೊತ್ತಿಗೆ ಬಂದ, ಗೇಟು ಹಾಕಲಿಲ್ಲ, ಅಂಗಳಕ್ಕೆ ಹಸು ನುಗ್ಗಿ ಹೂಗಿಡ ತಿಂದಿತು. ಕೊನೆಗೆ ಒಂದು ಸಾಲು: ಕುಕ್ಕರ್ ಓಕೆ. ನಾನು ಒಂದು ಸ್ಟಾರ್ ಎಂದೆ. ಮುಚ್ಚಳ ತೆಗೆದರೆ ಐದು! ಜನ ನೋವಾದ ಕಡೆ ಉದ್ದಕ್ಕೆ ಬರೆಯುತ್ತಾರೆ, ಸ್ಟಾರನ್ನು ಮಾತ್ರ ಬೇರೆಯೇ ತೂಕ ಹಾಕಿ ಕೊಡುತ್ತಾರೆ ಎಂದು ಅವತ್ತು ಕಲಿತೆ.

ಇದಕ್ಕಿಂತ ಹೆಚ್ಚು ಗೋಳು ಹುಯ್ದುಕೊಂಡಿದ್ದು ಸೂಲಿಬೆಲೆ ಕಡೆಯ ಹಾಲಿನ ಮನೆಗಳವರು. ಸೂಲಿಬೆಲೆ ಪಕ್ಕದ ಹಳ್ಳಿ ನನ್ನ ತವರು, ಆ ಕಡೆಯ ರಿವ್ಯೂಗಳು ನನ್ನ ಪಾಲಿಗೇ ಬರುತ್ತಿದ್ದವು. ಹಾಲಿನ ಕ್ಯಾನು, ಹಸುವಿನ ಮ್ಯಾಟು ತರಿಸಿಕೊಂಡವರು “ಬಹಳ ಚೆನ್ನಾಗಿದೆ, ಎಲ್ಲರೂ ತೆಗೆದುಕೊಳ್ಳಿ” ಎಂದು ಬರೆದು ಒಂದೇ ಒಂದು ಸ್ಟಾರ್ ಕೊಟ್ಟಿರುತ್ತಿದ್ದರು. ವಿನಯ್ ತಲೆ ಕೆಡಿಸಿಕೊಂಡರು. ನಾನು ತವರಿಗೆ ಹೋದಾಗ ನನ್ನ ತಮ್ಮನನ್ನೇ ಕೇಳಿದೆ, ಅವನೂ ಹಾಗೇ ಕೊಟ್ಟಿದ್ದ. “ಒಂದು ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನಕ್ಕಾ? ಐದು ಅಂದ್ರೆ ಐದನೇ ನಂಬರ್ ಆಯ್ತು, ಅದ್ಯಾವನು ಕೊಡ್ತಾನೆ?” ಎಂದ. ಹೋಗಿ ವಿನಯ್‌ಗೆ ಹೇಳಿದಾಗ ಅವರು ಮೇಜಿನ ಮೇಲೆ ತಲೆ ಇಟ್ಟುಕೊಂಡು ನಕ್ಕರು. ಅಂದಿನಿಂದ ಆಫೀಸಿನಲ್ಲಿ ನನಗೆ ಒಂದು ಹೆಸರು ಬಂತು: ಸುಶೀಲಕ್ಕನಿಗೆ ಜನರ ಹೊಟ್ಟೆಯೊಳಗಿನ ಮಾತು ಗೊತ್ತಾಗುತ್ತೆ.

ಆ ಹೆಸರು ನನ್ನ ತಲೆಗೇರಿತು. ಮುಂದಿನದೆಲ್ಲ ಆ ಸೊಕ್ಕಿನಲ್ಲೇ ಆದದ್ದು.

ಕಂಪನಿಯವರು ಊಟದ ಜಾಗಗಳನ್ನೂ ತೋರಿಸಲು ಶುರುಮಾಡಿದರು. ನೆಲಮಂಗಲದಿಂದ ದಾಬಸ್‌ಪೇಟೆವರೆಗೆ ಗೋದಾಮು, ಫ್ಯಾಕ್ಟರಿಗಳ ಹುಡುಗರು, ಲಾರಿಯವರು ದಿನಾ ಎಲ್ಲಾದರೂ ಉಣ್ಣಲೇಬೇಕು. ಮನೆಯ ಮುಂದಿನ ಕೋಣೆಯಲ್ಲೇ ಮೆಸ್ ನಡೆಸುವವರು ಆ ಉದ್ದಕ್ಕೂ ಇದ್ದಾರೆ. ಅವರ ಬಗ್ಗೆ ರಿವ್ಯೂಗಳು ಬರತೊಡಗಿದವು.

“ಮನೆ ತುಂಬಾ ಕ್ಲೀನಾಗಿದೆ. ಪಾತ್ರೆ ಫಳಫಳ ಹೊಳೆಯುತ್ತೆ. ಊಟವೂ ರುಚಿಯಾಗಿದೆ.” ನಮ್ಮ ಸಾಲಿನಲ್ಲಿ ಕೂತವರೆಲ್ಲ ಐದು ಎಂದರು. ನಾನು ಮೂರು ಎಂದೆ. ಮುಚ್ಚಳ ತೆಗೆದರೆ ಮೂರು.

“ಶುಚಿತ್ವಕ್ಕೆ ಗಮನ ಕೊಟ್ಟಿದ್ದಾರೆ, ಮೆಚ್ಚಬೇಕು. ಸಾರು ಚೆನ್ನಾಗಿತ್ತು.” ನಾನು ಮೂರು ಎಂದೆ. ಅದೂ ಮೂರೇ.

ವಿನಯ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. “ಹೆಂಗೆ ಮೇಡಂ ಇದು?”

“ರುಚಿಗಿಂತ ಮೊದ್ಲು ಕ್ಲೀನು ಅಂತ ಬಂದ್ರೆ ಸ್ಟಾರ್ ಕಡಿಮೆ ಮಾಡಿ ಸಾರ್. ಕಣ್ಣು ಮುಚ್ಕೊಂಡು ಮಾಡಿ.”

“ಕ್ಲೀನು ಅನ್ನೋದು ಒಳ್ಳೆ ಮಾತಲ್ವಾ?”

“ನಮ್ ಜನಾನ ನಾನು ನೋಡಿಲ್ವಾ ಸಾರ್?”

ಅವರು ಮುಂದೆ ಕೇಳಲಿಲ್ಲ. ನಾನು ಹೇಳಿದ್ದನ್ನು ಹಳೆಯ ರಿವ್ಯೂಗಳ ಮೇಲೆ ಹಾಕಿ ನೋಡಿದರು. ಹೊಂದಿಕೆ ಚೆನ್ನಾಗಿ ಬಂತು. ಅದಕ್ಕೆ ‘ಸುಶೀಲಕ್ಕನ ರೂಲ್’ ಎಂದು ಹೆಸರಿಟ್ಟು ಎಲ್ಲರೂ ಹಾಗೇ ಗುರುತು ಹಾಕಬೇಕೆಂದು ಹೇಳಿದರು. ಅವತ್ತು ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದೂ ಉಂಟು.

ನನಗೆ ಹೇಗೆ ಗೊತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮ ತವರಿನಲ್ಲಿ ಊರು ಬೇರೆ, ಕಾಲೋನಿ ಬೇರೆ. ನಾವು ಊರೊಳಗಿನ ಜಮೀನಿನವರು. ಡೈರಿಯ ಕ್ಯಾನಿಗೆ ಎರಡೂ ಕಡೆಯ ಹಾಲು ಒಟ್ಟಿಗೇ ಬೀಳುತ್ತಿತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ. ಮನೆಯೊಳಗಿನ ಲೋಟದ ವಿಷಯಕ್ಕೆ ಬಂದರೆ ಮಾತ್ರ ಎಲ್ಲ ನೆನಪಾಗುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು ಕಾಲೋನಿಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅಮ್ಮ ನನ್ನನ್ನೂ ಕರೆದುಕೊಂಡು ಹೋದರು. ಕುರ್ಚಿಯ ತುದಿಯಲ್ಲಿ ಕೂತರು. ಕೊಟ್ಟ ಪಾನಕದ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದು, ಹಾಗೇ ಕೆಳಗಿಟ್ಟು ಎದ್ದರು. ನನ್ನ ಲೋಟವೂ ತುಂಬಿಯೇ ಇತ್ತು. ದಾರಿಯಲ್ಲಿ ಅಮ್ಮ ಹೇಳಿದ ಮೊದಲ ಮಾತು: “ಮನೆ ಎಷ್ಟು ನೀಟಾಗಿ ಇಟ್ಕೊಂಡವ್ರೆ ನೋಡು!”

ನಮ್ಮ ನೆಂಟರ ಮನೆಗಳಲ್ಲಿ ಕೋಳಿ ಮಂಚದ ಮೇಲೆ ಓಡಾಡುತ್ತಿತ್ತು. ಅಲ್ಲಿಂದ ಬರುವಾಗ ಅಮ್ಮ ಯಾವತ್ತೂ ಮನೆ ನೀಟಾಗಿದೆ, ಇಲ್ಲ ಎನ್ನಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎನ್ನುತ್ತಿದ್ದರು, ಪಾಯಸ ಚೆನ್ನಾಗಿತ್ತು ಎನ್ನುತ್ತಿದ್ದರು. ನಮ್ಮವರ ಮನೆಯಲ್ಲಿ ನಾವು ತಟ್ಟೆ ನೋಡುತ್ತೇವೆ. ಅವರ ಮನೆಯಲ್ಲಿ ಮೊದಲು ಗೋಡೆಯ ಮೇಲೆ ಯಾರ ಫೋಟೊ ಇದೆ ಎಂದು ನೋಡಿ, ಆಮೇಲೆ ನೆಲ ನೋಡುತ್ತೇವೆ. ನೆಲ ಶುಭ್ರವಾಗಿದ್ದರೆ ಆಶ್ಚರ್ಯವಾಗುತ್ತದೆ, ಆ ಆಶ್ಚರ್ಯವನ್ನೇ ಹೊಗಳಿಕೆ ಮಾಡಿ ಬರೆಯುತ್ತೇವೆ. ಸ್ಟಾರ್ ಒತ್ತುವಾಗ ಕೈ ಮೂರಕ್ಕೇ ನಿಲ್ಲುತ್ತದೆ. ಇದು ನನಗೆ ಗೊತ್ತಿದ್ದದ್ದು ನಾನೂ ಹಾಗೇ ಇದ್ದದ್ದರಿಂದ. ಅದನ್ನು ಜಾಣತನವೆಂದುಕೊಂಡು ಮೈಸೂರ್‌ಪಾಕ್ ತಿಂದೆ. ಈಗ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆಗ ಒಂದು ಚೂರೂ ಆಗಲಿಲ್ಲ.

ರೇಖಾ ಇಂಜಿನಿಯರಿಂಗ್ ಮುಗಿಸಿ ನಮ್ಮ ಆಫೀಸಿಗೆ ಸೇರಿದ್ದು ಆಮೇಲೆ. ದಾಬಸ್‌ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನ್ನ ಪಕ್ಕದ ಸೀಟೇ ಸಿಕ್ಕಿತು. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ನಡುವೆ ಇಟ್ಟುಕೊಂಡು ತಿನ್ನುವುದು ರೂಢಿ. ಅವಳ ಡಬ್ಬಿಯ ಹುರುಳಿಕಾಳಿನ ಸಾರಿಗೆ ನಾನು ಸೋತುಹೋದೆ. ನನ್ನ ಪಲ್ಯವನ್ನು ಅವಳಿಗೆ ದಬ್ಬಿ ಅವಳ ಸಾರನ್ನು ನಾನು ಸುರಿದುಕೊಳ್ಳುತ್ತಿದ್ದೆ. “ನಿಮ್ಮಮ್ಮನ ಕೈಗೆ ಒಂದು ಬಂಗಾರದ ಬಳೆ ಹಾಕ್ಬೇಕು ಕಣೇ” ಎಂದು ಎಷ್ಟು ಸಲ ಹೇಳಿದ್ದೇನೋ. ನಿಮ್ಮ ಡಬ್ಬಿ ಕ್ಲೀನಾಗಿದೆ ಎಂದು ಒಂದು ದಿನವೂ ಹೇಳಲಿಲ್ಲ. ಅವರು ಯಾರು ಏನು ಎಂದು ನನಗೆ ಗೊತ್ತಿರಲಿಲ್ಲವಲ್ಲ, ಅದಕ್ಕೇ ನಾಲಿಗೆ ನೇರವಾಗಿ ರುಚಿಗೆ ಹೋಗಿತ್ತು.

ಒಂದು ದಿನ ಮೆಸ್‌ಗಳ ರಿವ್ಯೂ ನೋಡುತ್ತಿದ್ದಾಗ ಅವಳು ಕೇಳಿದಳು, “ಅಕ್ಕಾ, ಕ್ಲೀನು ಅಂತ ಬಂದ್ರೆ ಯಾಕೆ ಕಡಿಮೆ ಮಾಡ್ತೀವಿ?”

ಹೊಸಬರೆಲ್ಲ ಕೇಳುವ ಪ್ರಶ್ನೆಯೇ. ನಾನು ಎಲ್ಲರಿಗೂ ಹೇಳುವ ಹಾಗೇ ನಗುತ್ತ ಶುರುಮಾಡಿದೆ. “ನಮ್ ಜನ ಅಂಥವರ ಮನೇಲಿ ಊಟಕ್ಕೆ ಕೂತ್ರೆ ಮೊದ್ಲು ನೆಲ ನೋಡ್ತಾರೆ ಕಣೇ. ತಿಂದಿರ್ತಾರೆ, ಆದ್ರೆ ಒಳಗೆ ಒಂಥರಾ ಇರುತ್ತೆ. ಅದಕ್ಕೇ…”

“ಎಂಥವರ ಮನೇಲಿ ಅಕ್ಕಾ?”

ಅವಳು ಧ್ವನಿ ಏರಿಸಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಪರದೆಯ ಮೇಲಿದ್ದ ಒಂದು ರಿವ್ಯೂ ತೋರಿಸಿದಳು. “ಇದು ನಮ್ಮಮ್ಮನ ಮೆಸ್ಸು.”

ಅವಳ ತಾಯಿ ರತ್ನಮ್ಮ. ದಾಬಸ್‌ಪೇಟೆಯ ಫ್ಯಾಕ್ಟರಿಗಳ ಹಿಂದಿನ ಕಾಲೋನಿಯಲ್ಲಿ ಮೆಸ್ ನಡೆಸುತ್ತಾರೆ. ಅದರಲ್ಲೇ ಇವಳನ್ನು ಓದಿಸಿದ್ದು. ಆ್ಯಪಿನಲ್ಲಿ ಹೆಸರು ಹಾಕಿಸಿದಾಗ ಮೊದಮೊದಲು ಹೊಸ ಹುಡುಗರು ಬರುತ್ತಿದ್ದರಂತೆ. ಬರಬರುತ್ತ ಕಡಿಮೆಯಾದರು. ಹೆಸರು ಎಲ್ಲೋ ತಳಕ್ಕೆ ಹೋಗಿತ್ತು, ಯಾಕೆಂದು ಆ ತಾಯಿಗೆ ತಿಳಿಯಲಿಲ್ಲ.

“ಅಮ್ಮಂಗೆ ಒಂದೇ ಹಟ ಅಕ್ಕಾ. ಯಾರೂ ಬಾಯಿ ಎತ್ತಬಾರ್ದು ಅಂತ ದಿನಕ್ಕೆ ಎರಡು ಸಲ ನೆಲ ಒರೆಸ್ತಾರೆ. ಬಂದೋರು ಕ್ಲೀನಾಗಿದೆ ಅಂತ ಬರೆದ್ರೆ ಅವತ್ತೆಲ್ಲಾ ಖುಷಿ. ನಂಗೇ ಓದಿ ಹೇಳು ಅಂತಾರೆ. ಈಚೆಗೆ ಜನ ಕಡಿಮೆ ಆಗ್ತಿದಾರಲ್ಲ ಅಂತ ಇನ್ನೊಂದು ಸಲ ಜಾಸ್ತಿ ಒರೆಸ್ತಿದಾರೆ.”

ಆ ತಾಯಿ ಒರೆಸಿದಷ್ಟೂ ಬಂದವರು ಅದನ್ನೇ ಮೊದಲು ಬರೆಯುತ್ತಿದ್ದರು. ಬರೆದಷ್ಟೂ ನನ್ನ ರೂಲು ಅವರನ್ನು ಕೆಳಗೆ ತಳ್ಳುತ್ತಿತ್ತು. ಸ್ಟಾರ್ ಕೊಡದೆ ಹೋದ ಹುಡುಗರು, ಬಹುಶಃ ನಿಜವಾಗಿಯೂ ಮೆಚ್ಚಿ ಬರೆದವರು, ಅವರ ಮಾತಿಗೂ ಮೂರೇ ಬೀಳುತ್ತಿತ್ತು. ರೇಖಾ ಕಂಪ್ಯೂಟರಿನ ಕಡೆ ತಿರುಗಿ ಕೆಲಸ ಮಾಡಿದಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಸಾರಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ನನ್ನ ಕೈ ಒಂದು ಕ್ಷಣ ತಡೆಯಿತು. ನಾನು ತಡೆದದ್ದು ನಾಚಿಕೆಗೆ. ಆದರೆ ಎದುರಿಗೆ ಕೂತವಳಿಗೆ ಅದು ಹೇಗೆ ತಿಳಿಯಬೇಕು? ಅವಳು ನೋಡಿದಳು, ನೋಡಿಯೂ ನೋಡದವಳಂತೆ ಅನ್ನ ಕಲಸಿಕೊಂಡಳು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಓದುವ ಕೆಲಸ ಮಾಡಿದವಳು ನಾನು, ಅವತ್ತು ನನ್ನನ್ನೇ ಯಾರೋ ಓದಿ ಮುಗಿಸಿದ ಹಾಗಾಯಿತು. ಸಾರು ಬಡಿಸಿಕೊಂಡೆ. ರುಚಿ ಗೊತ್ತಾಗಲಿಲ್ಲ.

ವಿನಯ್ ಹತ್ತಿರ ಹೋಗಿ ಆ ರೂಲ್ ತೆಗೆದುಹಾಕಿ ಎಂದೆ.

“ಯಾಕೆ ಮೇಡಂ, ತಪ್ಪಾಗ್ತಿದೆಯಾ?”

“ತಪ್ಪಾಗ್ತಿಲ್ಲ ಸಾರ್, ಸರಿಯಾಗೇ ಆಗ್ತಿದೆ. ನಮ್ ಜನ ಇರೋದೇ ಹಂಗೆ. ಅವ್ರು ಹಂಗಿದ್ದಾರೆ ಅಂತ ನಾವು ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕ್ಬೇಕಾ?” ಎಂದು ಎಲ್ಲವನ್ನೂ ಹೇಳಿದೆ. ಕಾಲೋನಿ, ಪಾನಕದ ಲೋಟ, ರತ್ನಮ್ಮನ ನೆಲ, ಎಲ್ಲವನ್ನೂ.

“ಮೊದ್ಲೇ ಯಾಕೆ ಹೇಳ್ಲಿಲ್ಲ ಮೇಡಂ?”

“ನೀವು ಕೇಳ್ಲಿಲ್ಲ. ನಾನೇ ಹೇಳೋಣ ಅಂದ್ರೆ, ಅದ್ರಲ್ಲಿ ತಪ್ಪಿದೆ ಅಂತ ನಂಗೇ ಕಾಣ್ಲಿಲ್ಲ.”

ರೂಲನ್ನು ತೆಗೆಸಿದರು, ಅದು ಅವರ ದೊಡ್ಡತನ. ಆದರೆ ಅಷ್ಟು ಹೊತ್ತಿಗೆ ವಿಧಾನವೇ ಬದಲಾಗಿತ್ತು. ಪದಗಳ ಗುಂಪು, ರೂಲು ಎಲ್ಲ ಹಳೆಯದಾಗಿ, ಹೊಸ ಮಾಡೆಲ್ ಬಂದಿತ್ತು. ಅದಕ್ಕೆ ಯಾರೂ ರೂಲ್ ಹೇಳಿಕೊಡುವುದಿಲ್ಲ. ನಾವು ವರ್ಷಗಟ್ಟಲೆ ಹಾಕಿದ ಗುರುತುಗಳನ್ನೆಲ್ಲ ಅದಕ್ಕೆ ಉಣಿಸಿರುತ್ತಾರೆ, ಅದು ತಾನಾಗಿಯೇ ಕಲಿತುಕೊಳ್ಳುತ್ತದೆ. ನಾನು ಹಾಕಿದ ಮೂರುಗಳೆಲ್ಲ ಅದರ ಹೊಟ್ಟೆಗೆ ಸೇರಿಹೋಗಿದ್ದವು. ಸಾರಿಗೆ ಹಾಕಿದ ಉಪ್ಪನ್ನು ಆಮೇಲೆ ಆರಿಸಿ ತೆಗೆಯಲು ಆಗುತ್ತದೆಯೇ? ರೇಖಾ ಮತ್ತು ಅವಳ ಜೊತೆಯವರು ಅದನ್ನು ಸರಿಮಾಡಲು ಈಗಲೂ ಹೆಣಗುತ್ತಿದ್ದಾರೆ, ಸ್ವಲ್ಪ ಸ್ವಲ್ಪ ಸರಿಹೋಗುತ್ತಿದೆ ಎನ್ನುತ್ತಾಳೆ. ಈ ನಡುವೆ ಆ್ಯಪಿಗೆ ಇನ್ನೊಂದು ಸೌಕರ್ಯ ಬಂತು. ನೀವು ರಿವ್ಯೂ ಬರೆಯುತ್ತಿದ್ದಂತೆ ಅದೇ ಊಹಿಸಿ ಸ್ಟಾರ್ ಹೊತ್ತಿಸಿ ತೋರಿಸುತ್ತದೆ. ಬೇಕಾದರೆ ನೀವು ಬದಲಿಸಬಹುದು, ಆದರೆ ಬದಲಿಸುವ ಗೋಜಿಗೆ ಹೋಗುವವರು ಕಡಿಮೆ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ದಾಬಸ್‌ಪೇಟೆಗೆ ಹೋದೆ. ಅಷ್ಟು ವರ್ಷ ಡಬ್ಬಿಯಲ್ಲಿ ತಿಂದ ಸಾರನ್ನು ಒಂದು ಸಲವಾದರೂ ಆ ಮನೆಯಲ್ಲಿ ಕೂತು ತಿನ್ನಬೇಕು, ರುಚಿಯ ಬಗ್ಗೆ ಬರೆಯಬೇಕು, ಕ್ಲೀನು ಎಂಬ ಪದ ಬಾಯಿಗೇ ಬರಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ರತ್ನಮ್ಮ ಬಾಗಿಲಿಗೇ ಬಂದರು.

“ಸುಶೀಲಕ್ಕನೋರಾ? ಬನ್ನಿ, ಬನ್ನಿ ಮೇಡಂ! ರೇಖಾ ನಿಮ್ ವಿಷ್ಯ ಹೇಳ್ತಾನೇ ಇರ್ತಾಳೆ. ನನ್ ಹುರುಳಿಕಾಳ್ ಸಾರು ಅಂದ್ರೆ ನಿಮಗೆ ಪ್ರಾಣ ಅಂತೆ.”

ರೂಲಿನ ವಿಷಯವನ್ನು ಮಗಳು ತಾಯಿಗೆ ಹೇಳಿರಲಿಲ್ಲ ಎಂದು ಆಗಲೇ ತಿಳಿಯಿತು. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಕಣ್ಣು ಗೋಡೆಯ ಮೇಲಿನ ಫೋಟೊಗೆ ಹೋಯಿತು, ಅಲ್ಲಿಂದ ನೆಲಕ್ಕೆ ಇಳಿಯಿತು. ನನ್ನ ಬಾಯಿಂದ ಹೊರಟ ಮೊದಲ ಮಾತು: “ಎಷ್ಟು ಕ್ಲೀನಾಗಿ ಇಟ್ಕೊಂಡಿದೀರಿ!”

ಆಡಿದ ಮೇಲೆ ನನಗೇ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಎನಿಸಿತು. ರತ್ನಮ್ಮನ ಮುಖ ಮಾತ್ರ ಅರಳಿತು.

ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಒಂದು ಹಿಡಿ ಅನ್ನ. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ. ಕೈ ತೊಳೆದು ಫೋನು ತೆಗೆದಾಗ ರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಬಂದು ನಿಂತರು.

“ಬರೀತೀರಾ ಮೇಡಂ? ಬಂದ ತಕ್ಷಣ ಒಂದು ಮಾತಂದ್ರಲ್ಲ, ಕ್ಲೀನಾಗಿದೆ ಅಂತ, ಅದನ್ನೇ ಮೊದ್ಲು ಬರೀರಿ. ರುಚಿ ಹೆಂಗಿದೆ ಅಂತ ಬಂದು ತಿಂದ್ರೆ ಅವ್ರಿಗೇ ಗೊತ್ತಾಗುತ್ತೆ. ಇದು ಗೊತ್ತಾದ್ರೆ ತಾನೇ ಒಳಗೆ ಬರೋದು?”

ಬೇಡ ಎನ್ನಲು ಏನು ಕಾರಣ ಕೊಡಲಿ? ಅವರು ಹೇಳಿದ ಹಾಗೇ ಬರೆದೆ. ಮನೆ ಬಹಳ ಕ್ಲೀನಾಗಿದೆ. ಹುರುಳಿಕಾಳಿನ ಸಾರು ಇಷ್ಟು ರುಚಿಯಾಗಿ ನಾನೆಲ್ಲೂ ತಿಂದಿಲ್ಲ. ಬರೆದು ಮುಗಿಸುವಷ್ಟರಲ್ಲಿ ಕೆಳಗೆ ಸ್ಟಾರ್‌ಗಳು ಒಂದೊಂದಾಗಿ ಹೊತ್ತಿಕೊಂಡು ಮೂರಕ್ಕೆ ನಿಂತವು.

ರತ್ನಮ್ಮ ಬಗ್ಗಿ ನೋಡಿದರು. “ಮೂರಾ ಮೇಡಂ? ಕಂಪ್ಯೂಟರೇ ಹಾಕುತ್ತೆ ಅಂತಾಳಲ್ಲ ರೇಖಾ, ಅದು ಹಾಕಿದ್ದಾ ಇದು, ಇಲ್ಲಾ ನೀವು ಹಾಕಿದ್ದಾ?”

ಅದೇ ಹಾಕಿದ್ದು ಎಂದು ಹೇಳಬಹುದಿತ್ತು. ಇನ್ನೆರಡು ಸ್ಟಾರ್ ಒತ್ತಿ, ನಕ್ಕು, ಬಸ್ಸು ಹತ್ತಬಹುದಿತ್ತು.

“ನಾನೇ ಹಾಕಿದ್ದು ರತ್ನಮ್ಮ” ಎಂದೆ.

ಅವರ ಮುಖ ಚಿಕ್ಕದಾಯಿತು. ಬೆಂಚಿನ ಮೇಲಿನ ನನ್ನ ಖಾಲಿ ತಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದರು. “ಎಲ್ಲಾ ತಿಂದಿದೀರಲ್ಲ ಮೇಡಂ, ಏನು ಕಡಿಮೆ ಆಯ್ತು?”

ಕೂತುಕೊಳ್ಳಿ ಎಂದೆ. ಅವರದೇ ಮನೆಯ ಬೆಂಚಿನ ತುದಿಯಲ್ಲಿ ಅವರು ಕೂತರು. ನಿಮಗಾಗಿ ಇಲ್ಲಿ ಬರೆದ ರೂಲಿನ ಕಥೆಯನ್ನು ಮೊದಲು ಹೇಳಿದ್ದು ಅವರಿಗೇ. ಹೊಂದಿಕೆ, ಮಾಡೆಲ್ ಎಂಬುದೆಲ್ಲ ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಆದರೆ ನನ್ನಮ್ಮ ಕೆಳಗಿಟ್ಟ ಲೋಟದ ಮಾತು ಬಂದಾಗ ಗೊತ್ತು ಎನ್ನುವಂತೆ ತಲೆಯಾಡಿಸಿದರು. ಬಾಗಿಲ ಪಕ್ಕದಲ್ಲಿ ಬಕೆಟ್ಟು, ಅದರ ಅಂಚಿಗೆ ಹಿಂಡಿ ಹಾಕಿದ ಒದ್ದೆ ಬಟ್ಟೆ ಇತ್ತು. ನಾನು ಮುಗಿಸಿದ ಮೇಲೆ ಅದನ್ನೇ ನೋಡುತ್ತ ಕೇಳಿದರು:

“ಹಂಗಾದ್ರೆ ನಾನು ನೆಲ ಒರೆಸ್ಬಾರ್ದಿತ್ತಾ ಮೇಡಂ?”

ಅವರು ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.